ಕೊಲ್ಲೋದು ಭೂಮಿಯಲ್ಲ, ಚಾವಣಿ

ಒಂದೇ ವರ್ಷ, ಆರೇಳು ವಾರಗಳ ಅಂತರದಲ್ಲಿ ಆದ ಎರಡು ಭೂಕಂಪಗಳ ಕಥೆಯಿಂದ ಈ ವಾರದ ಅಂಕಣ ಶುರು ಮಾಡ್ತೀನಿ.

ಮೊದಲನೆಯದು 2010ರ ಜನವರಿ 12ರಂದು, ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ. ಸಂಜೆ ಐದು ಗಂಟೆಗೆ ಇನ್ನೇನು ಕೆಲವು ನಿಮಿಷ ಇತ್ತು. ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ನೆಲ ನಡುಗಿತು. ಪ್ರಮಾಣ 7.0. ಮನೆ, ಶಾಲೆ, ಆಸ್ಪತ್ರೆ ಮಾತ್ರವಲ್ಲ, ಅಧ್ಯಕ್ಷರ ಅರಮನೆಯೂ ಕುಸಿದು ಕೂತಿತು. ಸತ್ತವರು ಎಷ್ಟು ಅನ್ನೋದರ ಬಗ್ಗೆ ಇವತ್ತಿಗೂ ಒಮ್ಮತ ಇಲ್ಲ. ಕಡಿಮೆ ಅಂದ್ರೂ ಒಂದು ಲಕ್ಷ ಅಂತಾರೆ. ಅಲ್ಲಿನ ಸರ್ಕಾರದ ಲೆಕ್ಕ ಮೂರು ಲಕ್ಷ ದಾಟುತ್ತೆ.

ಎರಡನೆಯದು ಅದೇ ವರ್ಷದ ಫೆಬ್ರವರಿ 27ರಂದು, ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ. ಬೆಳಗಿನ ಜಾವ ಮೂರೂವರೆ, ಎಲ್ಲರೂ ಗಾಢ ನಿದ್ದೆಯಲ್ಲಿದ್ದ ಹೊತ್ತು. ಪ್ರಮಾಣ 8.8. ಹಿಂದೆಯೇ ಸುನಾಮಿಯೂ ಬಂತು. ಎಲ್ಲ ಸೇರಿ ಸತ್ತವರು ಸುಮಾರು 525.

7.0ಗೂ 8.8ಗೂ ವ್ಯತ್ಯಾಸ ಬರೀ 1.8 ಅಲ್ವಾ ಅಂದ್ಕೋಬೇಡಿ. ಈ ಅಳತೆಯಲ್ಲಿ ಒಂದು ಅಂಕ ಮೇಲೆ ಹೋದರೆ ಹೊರಬೀಳೋ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತೆ. ಆ ಲೆಕ್ಕದಲ್ಲಿ ಚಿಲಿಯ ಭೂಕಂಪ ಹೈಟಿಯದಕ್ಕಿಂತ ಹತ್ತಿರ ಹತ್ತಿರ 500 ಪಟ್ಟು ದೊಡ್ಡದು. ಹಾಗಿದ್ರೂ ಜೀವಹಾನಿ ನೂರಾರು ಪಟ್ಟು ಕಡಿಮೆ.

ನ್ಯಾಯವಾಗಿ ಹೇಳ್ಬೇಕು ಅಂದ್ರೆ ಹೈಟಿಯ ಕಂಪನ ನಗರದ ಪಕ್ಕದಲ್ಲೇ, ನೆಲದಡಿ ಹೆಚ್ಚು ಆಳವೂ ಇಲ್ಲದ ಕಡೆ ಹುಟ್ಟಿತು. ಚಿಲಿಯದು ಕರಾವಳಿಯಾಚೆ ಸಮುದ್ರದ ಅಡಿಯಲ್ಲಿ. ಆ ವ್ಯತ್ಯಾಸ ಇದ್ದೇ ಇದೆ. ಆದರೆ ಅಷ್ಟರಿಂದಲೇ ಈ ಅಂತರ ಬರೋಲ್ಲ. ಚಿಲಿಯಲ್ಲಿ ಕಟ್ಟಡಗಳು ಬಿರುಕು ಬಿಟ್ಟವು, ವಾಲಿದವು, ವಾಸಕ್ಕೆ ಯೋಗ್ಯವಲ್ಲ ಅಂತಲೂ ಆದವು. ಆದರೆ ಬಹುಪಾಲು ಕಟ್ಟಡಗಳು ಒಳಗಿದ್ದವರ ತಲೆ ಮೇಲೆ ಬೀಳಲಿಲ್ಲ. ಭೂಕಂಪ ಎಂಜಿನಿಯರುಗಳ ನಡುವೆ ಒಂದು ಹಳೇ ಮಾತಿದೆ: ಜನರನ್ನ ಕೊಲ್ಲೋದು ಭೂಕಂಪ ಅಲ್ಲ, ಕಟ್ಟಡ. 2010 ಅದನ್ನ ಎರಡೇ ತಿಂಗಳಲ್ಲಿ ತೋರಿಸಿಕೊಟ್ಟಿತು.

ಉಗುರು ಬೆಳೆಯೋ ವೇಗ

ಶಾಲೆಯಲ್ಲಿ ಓದಿದ್ದನ್ನ ಸ್ವಲ್ಪ ನೆನಪು ಮಾಡ್ಕೊಳ್ಳೋಣ. ಭೂಮಿಯ ಹೊರಮೈ ಒಂದೇ ಚಿಪ್ಪಲ್ಲ. ದೊಡ್ಡವೂ ಚಿಕ್ಕವೂ ಆದ ಹಲವಾರು ಫಲಕಗಳು ಒಂದಕ್ಕೊಂದು ತಾಗಿಕೊಂಡು ಕೂತಿವೆ. ಒಳಗಿನ ಕಾವಿನಿಂದ ಅವು ಸದಾ ಜರುಗ್ತಾನೇ ಇರ್ತವೆ. ಕೆಲವು ಒಂದರಿಂದ ಒಂದು ದೂರ ಸರೀತವೆ, ಕೆಲವು ಡಿಕ್ಕಿ ಹೊಡೀತವೆ, ಕೆಲವು ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಹೋಗ್ತವೆ. ಚಿಲಿಯ ಕರಾವಳಿಯಲ್ಲಿ ನಾಝ್ಕಾ ಅನ್ನೋ ಸಾಗರ ಫಲಕ ದಕ್ಷಿಣ ಅಮೆರಿಕದ ಅಡಿಗೆ ನುಗ್ತಾ ಇದೆ. ಆಂಡಿಸ್ ಪರ್ವತವೂ ಅಲ್ಲಿನ ಜ್ವಾಲಾಮುಖಿಗಳೂ ಅದರದ್ದೇ ಫಲ. ಹೈಟಿ ಇರೋದು ಕೆರಿಬಿಯನ್ ಮತ್ತು ಉತ್ತರ ಅಮೆರಿಕ ಫಲಕಗಳು ಉಜ್ಜಿಕೊಳ್ಳೋ ಗಡಿಯಲ್ಲಿ.

ನಮ್ಮ ಭಾರತ ಫಲಕ ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಬಂದು ಗುದ್ದಿತು. ಇನ್ನೂ ಗುದ್ದುತ್ತಾನೇ ಇದೆ. ವರ್ಷಕ್ಕೆ ಸುಮಾರು 5 ಸೆಂಟಿಮೀಟರ್, ಅಂದ್ರೆ ನಿಮ್ಮ ಬೆರಳಿನ ಉಗುರು ಬೆಳೆಯೋ ವೇಗದ ಆಸುಪಾಸು. ಹಿಮಾಲಯ ಎದ್ದಿದ್ದು ಹಾಗೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ಪ್ರಮಾಣದ ಭೂಕಂಪ ಆಗಿ ಸುಮಾರು 9,000 ಜನ ಸತ್ತಿದ್ದೂ ಇದೇ ಗುದ್ದಾಟದಿಂದ. ಅವತ್ತು ಶನಿವಾರ, ಮಧ್ಯಾಹ್ನ, ಶಾಲೆಗಳಿಗೆ ರಜೆ ಇತ್ತು. ಇಲ್ಲದಿದ್ರೆ ಆ ಸಂಖ್ಯೆ ಎಲ್ಲಿಗೆ ಹೋಗ್ತಿತ್ತೋ.

ಫಲಕ ಜರುಗುತ್ತೆ, ಆದರೆ ಅಂಚಿನಲ್ಲಿ ಬಂಡೆಗೆ ಬಂಡೆ ಕಚ್ಚಿಕೊಂಡು ಜಾಮ್ ಆಗಿರುತ್ತೆ. ಹಿಂದಿನಿಂದ ತಳ್ಳಾಟ ಮಾತ್ರ ನಿಲ್ಲೋಲ್ಲ. ಒತ್ತಡ ವರ್ಷ ವರ್ಷ ಜಮೆ ಆಗ್ತಾ ಹೋಗುತ್ತೆ. ಬಡ್ಡಿ ಕಟ್ಟದೆ ಬಿಟ್ಟ ಸಾಲದ ಹಾಗೆ. ಒಂದು ದಿನ ಬಂಡೆಯ ಹಿಡಿತ ಸಡಿಲವಾಗಿ ನೂರಾರು ವರ್ಷದ ಬಾಕಿ ಅರೆ ನಿಮಿಷದಲ್ಲೋ ಮೂರು ನಿಮಿಷದಲ್ಲೋ ಚುಕ್ತಾ ಆಗುತ್ತೆ. ಅದೇ ಭೂಕಂಪ.

ಆ ದಿನ ಯಾವುದು ಅಂತ ಮುಂಚೆಯೇ ಹೇಳೋ ವಿದ್ಯೆ ಜಗತ್ತಿನಲ್ಲಿ ಯಾರ ಹತ್ರವೂ ಇಲ್ಲ. "ನಾಳೆ ರಾತ್ರಿ 11ಕ್ಕೆ ಭೂಕಂಪ, ಎಲ್ಲರಿಗೂ ಕಳಿಸಿ" ಅಂತ ವಾಟ್ಸಾಪ್‌ನಲ್ಲಿ ಬಂದರೆ ನೇರವಾಗಿ ಡಿಲೀಟ್ ಮಾಡಿ. ಜ್ವಾಲಾಮುಖಿಯಾದ್ರೂ ಸಾಮಾನ್ಯವಾಗಿ ಸೂಚನೆ ಕೊಡುತ್ತೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಸಿಡಿಯೋ ಮುಂಚೆ ವಾರಗಟ್ಟಲೆ ಸಣ್ಣ ಸಣ್ಣ ಕಂಪನ, ಹೊಗೆ ಎಲ್ಲ ಗಮನಿಸಿ ಹತ್ತಾರು ಸಾವಿರ ಜನರನ್ನ ಮೊದಲೇ ಸಾಗಿಸೋಕೆ ಆಯ್ತು. ಭೂಕಂಪ ಅಷ್ಟು ಸೌಜನ್ಯ ತೋರಿಸೋಲ್ಲ.

ಮೊಬೈಲಿಗೆ ಬರೋ ಭೂಕಂಪದ ಅಲರ್ಟ್ ಕೂಡ ಭವಿಷ್ಯ ಅಲ್ಲ. ಭೂಕಂಪ ಶುರುವಾದ ಮೇಲೆ ಎರಡು ಬಗೆಯ ಅಲೆ ಹೊರಡ್ತವೆ. ಮೊದಲು ತಲುಪೋದು ವೇಗದ, ಕಡಿಮೆ ಹಾನಿಯ ಪಿ ಅಲೆ. ಹಿಂದೆ ನಿಧಾನವಾಗಿ ಬರೋ ಎಸ್ ಅಲೆ ಜೋರಾಗಿ ಅಲ್ಲಾಡಿಸುತ್ತೆ. ಪಿ ಅಲೆಯನ್ನ ಹಿಡಿದ ತಕ್ಷಣ ಸರ್ವರ್‌ನಿಂದ ಸಂದೇಶ ಓಡುತ್ತೆ, ಅದು ಎರಡು ಅಲೆಗಳಿಗಿಂತಲೂ ವೇಗ. ದೂರದಲ್ಲಿ ಇರೋರಿಗೆ ಕೆಲವು ಸೆಕೆಂಡು, ಹೆಚ್ಚೆಂದ್ರೆ ಒಂದು ನಿಮಿಷದ ಆಸುಪಾಸು ಸಿಗಬಹುದು. ತೀರಾ ಹತ್ತಿರ ಇರೋರಿಗೆ ಸಂದೇಶಕ್ಕಿಂತ ಮೊದಲೇ ನಡುಕ ಬಂದಿರುತ್ತೆ. ಅಷ್ಟರಲ್ಲಿ ಮೇಜಿನ ಕೆಳಗೆ ತೂರಿಕೊಳ್ಳಬಹುದು. ಮೇಲಿನ ಸ್ಲ್ಯಾಬ್ ನಿಲ್ಲಬೇಕೋ ಬೀಳಬೇಕೋ ಅನ್ನೋದು ಮಾತ್ರ ಅದನ್ನ ಕಟ್ಟಿದ ದಿನವೇ ತೀರ್ಮಾನ ಆಗಿರುತ್ತೆ.

"ಸರ್, ನಮ್ ಕಡೆ ಭೂಕಂಪ ಆಗಲ್ಲ"

ಈ ವರ್ಷ ನಾನೂ ನನ್ನ ವಯಸ್ಸಿನ ಬಹಳ ಜನರ ಹಾಗೆ ವೀಕೆಂಡ್‌ಗಳಲ್ಲಿ ಬೆಂಗಳೂರಲ್ಲಿ ಫ್ಲಾಟ್ ನೋಡ್ಕೊಂಡು ಓಡಾಡ್ತಿದ್ದೀನಿ. ಬ್ರೋಷರ್‌ಗಳಲ್ಲಿ ಈಜುಕೊಳ, ಕ್ಲಬ್ ಹೌಸ್, ಇಟಾಲಿಯನ್ ಮಾರ್ಬಲ್ ಎಲ್ಲ ಇರುತ್ತೆ. ಪಿಲ್ಲರ್ ಬಗ್ಗೆ ಒಂದು ಸಾಲೂ ಇರೋಲ್ಲ. ಒಂದು ಕಡೆ ಭೂಕಂಪದ ವಿನ್ಯಾಸದ ಬಗ್ಗೆ ಕೇಳಿದಾಗ ಸೇಲ್ಸ್ ಹುಡುಗ ನಕ್ಕು, "ಸರ್, ನಮ್ ಕಡೆ ಭೂಕಂಪ ಆಗಲ್ಲ. ಡೆಕ್ಕನ್ ಪ್ಲೇಟೋ ಗಟ್ಟಿ ಬಂಡೆ" ಅಂದ. ಅವನನ್ನ ದೂರೋ ಹಾಗಿಲ್ಲ. ನಮ್ಮಲ್ಲಿ ಎಲ್ಲರೂ ಹೇಳೋದೂ ಅದನ್ನೇ. ಅರ್ಧ ನಿಜ ಕೂಡ.

ಉಳಿದರ್ಧಕ್ಕೆ ಮಹಾರಾಷ್ಟ್ರದ ಕಿಲ್ಲಾರಿಗೆ ಹೋಗಬೇಕು. ಲಾತೂರ್ ಜಿಲ್ಲೆಯ ಹಳ್ಳಿ, ನಮ್ಮ ಬೀದರ್, ಕಲಬುರಗಿಗಳಿಗೆ ನೆರೆಮನೆ. ಅದೂ ಡೆಕ್ಕನ್ ಪ್ರಸ್ಥಭೂಮಿಯೇ, ಯಾವ ಫಲಕದ ಅಂಚೂ ಹತ್ತಿರದಲ್ಲಿಲ್ಲ. ದೇಶದ ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಐದು ವಲಯ ಇದ್ದವು. ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದ್ರೆ ಎಲ್ಲಕ್ಕಿಂತ ಸುರಕ್ಷಿತ ಅನ್ನೋ ಜಾಗದಲ್ಲಿ. 1993ರ ಸೆಪ್ಟೆಂಬರ್ 30, ಗಣೇಶನನ್ನ ಬಿಟ್ಟು ಬಂದು ಜನ ದಣಿದು ಮಲಗಿದ್ದ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಮೊದಲು 6.2 ಪ್ರಮಾಣದ ಭೂಕಂಪ ಆಯ್ತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು.

ಜಾಗತಿಕ ಲೆಕ್ಕದಲ್ಲಿ 6.2 ದೊಡ್ಡದೇನಲ್ಲ. ಆದರೆ ಆ ಸೀಮೆಯ ಮನೆಗಳು ದಪ್ಪ ಕಲ್ಲಿನ ಗೋಡೆಯವು, ಕಲ್ಲಿನ ನಡುವೆ ಬರೀ ಮಣ್ಣು, ಮೇಲೆ ಬೇಸಿಗೆಗೆ ತಂಪಾಗಿರಲಿ ಅಂತ ಹಾಕಿದ ಭಾರದ ಮಣ್ಣಿನ ಮಾಳಿಗೆ. ಅಲ್ಲಾಡಿದ ಕೂಡಲೇ ಗೋಡೆ ಕಳಚಿಕೊಂಡಿತು, ಮಾಳಿಗೆ ಮಲಗಿದ್ದವರ ಮೇಲೆ ಕೂತಿತು. ಅದೇ ಊರುಗಳಲ್ಲಿ ಹುಲ್ಲಿನ ಗುಡಿಸಲುಗಳಲ್ಲಿದ್ದ ಬಡವರು ಎಷ್ಟೋ ಜನ ಬದುಕಿಕೊಂಡರು. ಕಲ್ಲಿನ ಮನೆ ಕಟ್ಟಿಸುವಷ್ಟು ಅನುಕೂಲ ಇದ್ದವರೇ ಹೆಚ್ಚು ಸತ್ತರು.

ಫಲಕದ ನಡುವೆ ಭೂಕಂಪ ಯಾಕೆ ಆಗುತ್ತೆ? ಉತ್ತರದಲ್ಲಿ ಹಿಮಾಲಯ ತಡೆದು ನಿಲ್ಲಿಸಿದಾಗ ಆ ಒತ್ತಡ ಫಲಕದ ಇಡೀ ಮೈಗೆ ಹರಡುತ್ತೆ. ಒಳಗೆಲ್ಲೋ ಹಳೇ ಬಿರುಕು ಇದ್ದರೆ ಅಲ್ಲಿ ಸಡಿಲಾಗುತ್ತೆ. ಅಂಚಿನಲ್ಲಿ ಆಗೋದಕ್ಕಿಂತ ತುಂಬಾ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. 1967ರ ಡಿಸೆಂಬರ್‌ನಲ್ಲಿ ಕೊಯ್ನಾ ಅಣೆಕಟ್ಟೆಯ ಬಳಿ ಆರು ದಾಟಿದ ಭೂಕಂಪ ಆಗಿತ್ತು. ಅಲ್ಲಿ ಜಲಾಶಯದ ನೀರೇ ಹಳೇ ಬಿರುಕನ್ನ ಕೆಣಕಿತು ಅಂತ ವಿಜ್ಞಾನಿಗಳು ವಿವರಿಸ್ತಾರೆ. ನಮ್ಮಲ್ಲೂ ವಿಜಯಪುರದ ಕಡೆ ಆಗಾಗ ಸಣ್ಣ ಕಂಪನ ಆಗ್ತಾ ಬಂದಿದೆ. 2022ರ ಮಳೆಗಾಲದಲ್ಲಿ ಕೊಡಗು, ಸುಳ್ಯದ ಜನ ಸದ್ದು ಸಮೇತ ಅನುಭವಿಸಿದರು. ಇವೆಲ್ಲ ಮುಂದೆ ದೊಡ್ಡದು ಬರುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ನೆಲ ಪೂರ್ತಿ ನಿದ್ದೆ ಹೋಗಿಲ್ಲ ಅನ್ನೋದಕ್ಕೆ ಸಾಕ್ಷಿ, ಅಷ್ಟೇ.

2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆದ್ರೂ, ಹಾಕಿದ್ದು ಒಳ್ಳೇದೇ ಆಯ್ತು. "ಇಲ್ಲಿ ಏನೂ ಆಗಲ್ಲ" ಅನ್ನೋ ಜಾಗ ಆ ನಕ್ಷೆಯ ಪ್ರಕಾರ ದೇಶದಲ್ಲಿ ಉಳಿಯಲಿಲ್ಲ. ಅದರಲ್ಲಿ ಬೆಂಗಳೂರು, ಮೈಸೂರು ಎರಡನೇ ವಲಯ. ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರ ಮೂರನೇ ವಲಯ.

ಅಹಮದಾಬಾದ್ ಕಲಿಸಿದ ಪಾಠ

ಕಲ್ಲು-ಮಣ್ಣಿನ ಮನೆ ಸರಿ, ನಮ್ಮದು ಕಾಂಕ್ರೀಟ್ ಅಪಾರ್ಟ್‌ಮೆಂಟ್ ಅಲ್ವಾ ಅಂತ ಅನ್ನಿಸಬಹುದು. ಹಾಗಾದ್ರೆ 2001ರ ಜನವರಿ 26 ನೋಡಿ. ಬೆಳಿಗ್ಗೆ ಎಂಟು ಮುಕ್ಕಾಲು, ಗಣರಾಜ್ಯೋತ್ಸವದ ಧ್ವಜ ಹಾರಿಸೋ ಹೊತ್ತು. ಗುಜರಾತಿನ ಕಛ್‌ನಲ್ಲಿ 7.7 ಪ್ರಮಾಣದ ಭೂಕಂಪ. ಭುಜ್, ಭಚಾವ್, ಅಂಜಾರ್ ನೆಲಸಮ ಆದವು. ಸರ್ಕಾರದ ಲೆಕ್ಕದಲ್ಲೇ 13,800ಕ್ಕೂ ಹೆಚ್ಚು ಸಾವು.

ಎಂಜಿನಿಯರುಗಳನ್ನ ಹೆಚ್ಚು ಯೋಚನೆಗೆ ಹಚ್ಚಿದ್ದು ಅಹಮದಾಬಾದ್. ಭೂಕಂಪದ ಕೇಂದ್ರದಿಂದ ಅದು 200 ಕಿಲೋಮೀಟರ್‌ಗೂ ಹೆಚ್ಚು ದೂರ. ಅಷ್ಟು ದೂರದ ಊರಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಬಿದ್ದು 700ಕ್ಕೂ ಹೆಚ್ಚು ಜನ ಸತ್ತರು. ಹಳೇ ಪೋಳದ ಮನೆಗಳಲ್ಲ, ಹೊಸ ಕಾಂಕ್ರೀಟ್ ಅಪಾರ್ಟ್‌ಮೆಂಟ್‌ಗಳು. ಒಂದು ಕಟ್ಟಡ ಬಿದ್ದಿದೆ, ಪಕ್ಕದ್ದು ನಿಂತಿದೆ. ನೆಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಬಿದ್ದವುಗಳಲ್ಲಿ ಬಹಳಷ್ಟಕ್ಕೆ ಒಂದು ಸಾಮಾನ್ಯ ಗುಣ ಇತ್ತು. ಕೆಳಗೆ ಪಾರ್ಕಿಂಗ್, ಬರೀ ಪಿಲ್ಲರ್‌ಗಳು. ಮೇಲಿನ ಮಹಡಿಗಳಲ್ಲಿ ಗೋಡೆ ತುಂಬಿರೋದ್ರಿಂದ ಅವು ಡಬ್ಬದ ಹಾಗೆ ಗಟ್ಟಿ. ಕೆಳಗಿನದು ಖಾಲಿ, ಮೆದು. ನೆಲ ಅಡ್ಡಡ್ಡ ಅಲ್ಲಾಡಿದಾಗ ಮೇಲಿನ ಭಾರ ಒಂದೇ ಗಡ್ಡೆಯಾಗಿ ತೂಗುತ್ತೆ, ಬಾಗೋ ಕೆಲಸವೆಲ್ಲ ಕೆಳಗಿನ ಪಿಲ್ಲರ್‌ಗಳ ಮೇಲೆ ಬೀಳುತ್ತೆ. ಕಡ್ಡಿಕಾಲಿನ ಮೇಲೆ ಗೋಣಿಚೀಲ ಇಟ್ಟ ಹಾಗೆ. ಪಿಲ್ಲರ್ ಮುರಿದರೆ ಮೇಲಿನದೆಲ್ಲ ಒಟ್ಟಿಗೆ ಕೂರುತ್ತೆ. ಕೆಲವು ಕಡೆ ಮಾಳಿಗೆ ಮೇಲಿನ ನೀರಿನ ಟ್ಯಾಂಕಿನ ಭಾರವೂ ಸೇರಿಕೊಂಡಿತು.

ಇದನ್ನ ಓದ್ತಾ ನಿಮ್ಮ ಬಿಲ್ಡಿಂಗಿನ ಸ್ಟಿಲ್ಟ್ ಪಾರ್ಕಿಂಗ್ ಕಣ್ಮುಂದೆ ಬಂದಿದ್ರೆ ಆಶ್ಚರ್ಯ ಇಲ್ಲ. ಬೆಂಗಳೂರಿನ 30-40 ಸೈಟಿನಲ್ಲಿ ಎದ್ದಿರೋ ನಾಲ್ಕೈದು ಮಹಡಿಯ ಬಾಡಿಗೆ ಕಟ್ಟಡಗಳಲ್ಲಿ ಈ ರೂಪ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಸ್ಟಿಲ್ಟ್ ಇದ್ದ ಮಾತ್ರಕ್ಕೆ ಬೀಳುತ್ತೆ ಅಂತಲ್ಲ. ಅದಕ್ಕೆ ತಕ್ಕ ಲೆಕ್ಕ ಹಾಕಿ ಕಟ್ಟಿರಬೇಕು, ಅಷ್ಟೇ. 2002ರ ಐಎಸ್ 1893 ಸಂಹಿತೆ ಹೇಳಿದ್ದು ಇದನ್ನೇ: ಇಂಥ ಮೆದು ಮಹಡಿಯ ಪಿಲ್ಲರ್, ಬೀಮ್‌ಗಳನ್ನ ಸಾಮಾನ್ಯ ಲೆಕ್ಕದ ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಿ, ಇಲ್ಲವೇ ನಡುಕ ತಡೆಯೋ ಕಾಂಕ್ರೀಟ್ ಗೋಡೆ ಕೊಡಿ.

ಇನ್ನೊಂದು ಪಾಠ ಚಿಕ್ಕದು, ಆದರೆ ಜೀವ ಉಳಿಸೋದು. ಪಿಲ್ಲರ್‌ನ ಉದ್ದ ಕಂಬಿಗಳ ಸುತ್ತ ಹಾಕೋ ರಿಂಗುಗಳನ್ನ ನೋಡಿರ್ತೀರಿ. ಕಾಂಕ್ರೀಟ್ ಒಡೆದಾಗಲೂ ಒಳಗಿನದು ಚೆಲ್ಲದ ಹಾಗೆ ಹಿಡಿದಿಡೋದು ಈ ರಿಂಗುಗಳೇ. ಅವು ಹತ್ತಿರ ಹತ್ತಿರ ಇರಬೇಕು. ತುದಿಯನ್ನ 90 ಡಿಗ್ರಿಗೆ ಮಡಚಿ ಬಿಟ್ಟರೆ ಜೋರಾಗಿ ಅಲ್ಲಾಡಿದಾಗ ಬಿಚ್ಚಿಕೊಳ್ಳುತ್ತೆ. 135 ಡಿಗ್ರಿಗೆ, ಅಂದ್ರೆ ಒಳಮುಖವಾಗಿ ಕೊಕ್ಕೆ ಹಾಕಿದ್ರೆ ಕಾಂಕ್ರೀಟಿನ ಒಡಲಲ್ಲಿ ಕಚ್ಚಿಕೊಂಡು ನಿಲ್ಲುತ್ತೆ. ಕಂಬಿ ಕಟ್ಟುವವರಿಗೆ ಒಂದು ರಿಂಗಿಗೆ ಕೆಲವು ಸೆಕೆಂಡಿನ ಹೆಚ್ಚಿನ ಕೆಲಸ. ಐಎಸ್ 13920 ಅನ್ನೋ ಸಂಹಿತೆಯಲ್ಲಿ ಇದೆಲ್ಲ ಇದೆ. ಅದು ಮೂರನೇ ವಲಯದಿಂದ ಮೇಲಕ್ಕೆ ಕಡ್ಡಾಯ. ಬೆಂಗಳೂರಿನ ಎರಡನೇ ವಲಯದಲ್ಲಿ ಕಡ್ಡಾಯ ಅಲ್ಲ, ಆದರೆ ಬೇಕಂದ್ರೆ ಪಾಲಿಸಬಹುದು. ಕೊಳ್ಳೋರು ಕೇಳಿದ್ರೆ ತಾನೇ ಕಟ್ಟೋರಿಗೆ ಬೇಕು ಅನ್ನಿಸೋದು.

ನೆಲದ ಗುಣವೂ ಮುಖ್ಯ. 1985ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕರಾವಳಿಯಲ್ಲಿ ಆದ ಭೂಕಂಪ ನೂರಾರು ಕಿಲೋಮೀಟರ್ ದಾಟಿ ಬಂದು ಮೆಕ್ಸಿಕೋ ಸಿಟಿಯನ್ನ ಕೆಡವಿತು. ಯಾಕಂದ್ರೆ ಆ ನಗರದ ನಡುಭಾಗ ಕೂತಿರೋದು ಹಳೇ ಸರೋವರದ ಮೆತ್ತನೆ ಜೇಡಿಯ ಮೇಲೆ. ದೂರದ ಸಣ್ಣ ಅಲೆಯನ್ನೂ ಆ ಜೇಡಿ ಹಿಗ್ಗಿಸಿತು. ನಮ್ಮ ಕೆರೆಗಳಲ್ಲಿ ಅಷ್ಟು ಆಳದ ಜೇಡಿ ಇಲ್ಲ, ಹೋಲಿಕೆಯನ್ನ ಎಳೆಯಬಾರದು. ಆದರೆ ಕೆರೆ ಮುಚ್ಚಿ ಮಣ್ಣು ತುಂಬಿದ ಜಾಗ ಸೇಲ್ಸ್ ಹುಡುಗ ಹೇಳೋ "ಗಟ್ಟಿ ಬಂಡೆ" ಅಲ್ಲ.

ಹಾಗಾದ್ರೆ ನಾವೇನು ಮಾಡಬಹುದು?

ಫ್ಲಾಟ್ ಕೊಳ್ಳೋರು ಈ ನಾಲ್ಕು ಪ್ರಶ್ನೆ ಕೇಳಿ. ಸ್ಟ್ರಕ್ಚರಲ್ ಎಂಜಿನಿಯರ್ ಯಾರು? ಐಎಸ್ 1893 ಪ್ರಕಾರ ವಿನ್ಯಾಸ ಆಗಿದೆಯಾ, ಕಂಬಿಯ ಕೆಲಸ 13920 ಪ್ರಕಾರ ಇದೆಯಾ? ಪಾರ್ಕಿಂಗ್ ಮಹಡಿಗೆ ಪ್ರತ್ಯೇಕ ಲೆಕ್ಕ ಹಾಕಿದ್ದಾರಾ? ಮಣ್ಣು ಪರೀಕ್ಷೆಯ ವರದಿ ಎಲ್ಲಿದೆ? ರೇರಾ ಕಾಯ್ದೆಯ ಪ್ರಕಾರ ಯೋಜನೆ ನೋಂದಾಯಿಸುವಾಗ ಬಿಲ್ಡರ್ ತನ್ನ ಸ್ಟ್ರಕ್ಚರಲ್ ಎಂಜಿನಿಯರ್ ಹೆಸರು ಕೊಡಬೇಕು. ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಪುಟ ತೆರೆದು ನೋಡಿ. ಮಂಜೂರಾದ ನಕ್ಷೆಗಿಂತ ಮೇಲೆ ಒಂದು ಮಹಡಿ ಹೆಚ್ಚಿದೆಯಾ ಅಂತಲೂ ಎಣಿಸಿ. ಆ ಮಹಡಿಯ ಭಾರ ಯಾವ ಪಿಲ್ಲರ್‌ನ ಲೆಕ್ಕದಲ್ಲೂ ಇರೋಲ್ಲ.

ದಂಡ ಕಟ್ಟಿ ಸರಿಮಾಡ್ಕೊಂಡ್ರಾಯ್ತು ಅನ್ನೋರಿಗೆ ಟರ್ಕಿ ನೆನಪಿಸಿ. ಅಲ್ಲಿ 2018ರಲ್ಲಿ ಹಣ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನ ಸಕ್ರಮ ಮಾಡೋ ಯೋಜನೆ ತಂದರು. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಆ ದೇಶವೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತಾಗ ಎಲ್ಲರೂ ಬೆರಳು ತೋರಿಸಿದ್ದು ಇಂಥ ಮಾಫಿಗಳ ಕಡೆಗೆ. ಅಕ್ರಮ-ಸಕ್ರಮ ಅನ್ನೋ ಮಾತು ನಮ್ಮ ರಾಜ್ಯಕ್ಕೂ ಹೊಸದಲ್ಲ. ರಸೀದಿ ಬಂದ ಮಾತ್ರಕ್ಕೆ ಪಿಲ್ಲರ್‌ಗೆ ಬಲ ಬರೋಲ್ಲ.

ಈಗಾಗಲೇ ಕೊಂಡವರಿಗೆ: ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಅಂತ ರೇರಾದಲ್ಲಿದೆ. ಚಿಲಿಯಲ್ಲಿ ಇದು ಹತ್ತು ವರ್ಷ. 2010ರಲ್ಲಿ ಅಲ್ಲಿನ ಕಾನ್ಸೆಪ್ಸಿಯಾನ್ ನಗರದಲ್ಲಿ ಹೊಸ 15 ಮಹಡಿ ಕಟ್ಟಡವೊಂದು ಮಗುಚಿಬಿದ್ದು ಎಂಟು ಜನ ಸತ್ತಾಗ ಕಟ್ಟಿದವರು ಕೋರ್ಟು ಹತ್ತಬೇಕಾಯ್ತು. ಹಳೇ ಕಟ್ಟಡವಾದ್ರೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಪೇಂಟಿಂಗ್, ಸಿಸಿಟಿವಿ ಚರ್ಚೆಯ ಜೊತೆ ಒಂದು ಸ್ಟ್ರಕ್ಚರಲ್ ಆಡಿಟ್‌ನ ಮಾತೂ ಬರಲಿ. ಪಿಲ್ಲರ್ ಸುತ್ತ ಕಾಂಕ್ರೀಟ್ ಕವಚ ಹಾಕೋದು, ಪಾರ್ಕಿಂಗ್‌ನಲ್ಲಿ ಆಯ್ದ ಕಡೆ ಗೋಡೆ ಸೇರಿಸೋದು, ಹೀಗೆ ಬಲಪಡಿಸೋ ದಾರಿಗಳಿವೆ. ಮಾಡೋರು ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರಬೇಕು, ಪರಿಚಯದ ಮೇಸ್ತ್ರಿ ಅಲ್ಲ. ಕಾರು ತಿರುಗಿಸೋಕೆ ಅಡ್ಡ ಅಂತ ಪಿಲ್ಲರ್ ಕೆತ್ತಿಸೋ ಪುಣ್ಯಾತ್ಮರಿದ್ರೆ ಅವತ್ತೇ ತಡೀರಿ.

ಬಾಡಿಗೆ ಮನೆಯವರೂ ಮಾಡಬಹುದಾದ್ದು ಇದೆ. ಎತ್ತರದ ಬೀರುವನ್ನ, ಪುಸ್ತಕದ ಕಪಾಟನ್ನ ಗೋಡೆಗೆ ಕ್ಲಾಂಪ್ ಹಾಕಿ ಬಿಗೀರಿ. ಮಂಚದ ತಲೆಯ ಮೇಲೆ ಭಾರದ ಫೋಟೋ, ಸಜ್ಜೆಯ ಮೇಲೆ ಹಿತ್ತಾಳೆ ಕೊಳಗ ಬೇಡ. ನಡುಗಿದಾಗ ಲಿಫ್ಟ್ ಕಡೆಗೂ ಮೆಟ್ಟಿಲ ಕಡೆಗೂ ಓಡಬೇಡಿ, ಬಾಲ್ಕನಿಗೂ ಬೇಡ. ಬಗ್ಗಿ, ಗಟ್ಟಿ ಮೇಜಿನ ಕೆಳಗೆ ಸೇರಿ, ಅದರ ಕಾಲು ಹಿಡ್ಕೊಳ್ಳಿ. ಮೇಜಿಲ್ಲದಿದ್ರೆ ಕಿಟಕಿ ಗಾಜಿನಿಂದ ದೂರ, ಒಳಗೋಡೆಯ ಪಕ್ಕ ತಲೆ-ಕುತ್ತಿಗೆ ಮುಚ್ಕೊಂಡು ಕೂರಿ. ನಡುಕ ನಿಂತ ಮೇಲೆ ಗ್ಯಾಸ್ ಆಫ್ ಮಾಡಿ, ಆಮೇಲೆ ಮೆಟ್ಟಿಲಿಳಿದು ಹೊರಗೆ ಬನ್ನಿ.

ನೆನಪು ಅನ್ನೋ ಅಡಿಪಾಯ

ಚಿಲಿ ಶ್ರೀಮಂತ, ಹೈಟಿ ಬಡ ದೇಶ. ಅದು ದೊಡ್ಡ ಕಾರಣ ಅನ್ನೋದರಲ್ಲಿ ಅನುಮಾನ ಇಲ್ಲ. ಇನ್ನೊಂದು ಕಾರಣ ನೆನಪು. ಚಿಲಿಯ ಜನ 1960ರಲ್ಲಿ 9.5 ಪ್ರಮಾಣದ ಭೂಕಂಪ ಕಂಡವರು. ಮನುಷ್ಯ ಅಳೆದಿರೋ ಭೂಕಂಪಗಳಲ್ಲಿ ಅದೇ ಅತಿ ದೊಡ್ಡದು. ಅಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಪ್ರತಿ ತಲೆಮಾರಿಗೂ ಒಂದು ಭೂಕಂಪದ ಕಥೆ ಇದೆ. ಹಾಗಾಗಿ ನಿಯಮ ಬರೆದರು, ಬರೆದದ್ದನ್ನ ಪಾಲಿಸಿದರು. ಪೋರ್ಟ್-ಔ-ಪ್ರಿನ್ಸ್ ಇಂಥದ್ದೊಂದನ್ನ ಹಿಂದೆ ಕಂಡಿದ್ದು 1770ರಲ್ಲಿ. 240 ವರ್ಷದ ಹಿಂದಿನದ್ದನ್ನ ಯಾರು ನೆನಪಿಟ್ಕೊಳ್ತಾರೆ?

ನಮ್ಮ ಊರುಗಳಿಗೆ ಅಷ್ಟು ಹಳೇ ನೆನಪೂ ಇಲ್ಲ. ಅದು ನಮ್ಮ ಅದೃಷ್ಟ. ದೊಡ್ಡ ಭೂಕಂಪದ ಸಾಧ್ಯತೆ ಬೆಂಗಳೂರಿಗೆ ನಿಜಕ್ಕೂ ಕಡಿಮೆ, ಇವತ್ತು ರಾತ್ರಿ ನಿದ್ದೆ ಕೆಡಿಸ್ಕೊಳ್ಳೋ ಅಗತ್ಯ ಖಂಡಿತ ಇಲ್ಲ. ಆದರೆ ಇಪ್ಪತ್ತು ವರ್ಷದ ಸಾಲ ಮಾಡಿ ಕೊಳ್ಳೋ ಮನೆಯಲ್ಲಿ ನಾವು ಐವತ್ತು ವರ್ಷ ಇರ್ತೀವಿ, ನಮ್ಮ ಮಕ್ಕಳು ಅದಕ್ಕಿಂತ ಹೆಚ್ಚು. ಫಲಕವನ್ನ ಹಿಡಿದು ನಿಲ್ಲಿಸೋಕೆ ನಮ್ಮಿಂದಾಗಲ್ಲ. ರಿಂಗಿನ ಕೊಕ್ಕೆ ಸರಿಯಾಗಿ ಮಡಚಿಸೋಕೆ ಆಗುತ್ತೆ, ಅದೂ ಸ್ಲ್ಯಾಬ್ ಹಾಕೋ ಮುಂಚೆ ಮಾತ್ರ.

ಈ ಶನಿವಾರ ಸೈಟ್ ವಿಸಿಟ್‌ಗೆ ಹೊರಟಿದ್ರೆ, ಕ್ಲಬ್ ಹೌಸ್ ನೋಡೋ ಮುಂಚೆ ಒಂದು ಸಲ ಪಾರ್ಕಿಂಗ್‌ಗೆ ಇಳಿದು ಪಿಲ್ಲರ್ ನೋಡಿ ಬನ್ನಿ. ಆ ನಾಲ್ಕು ಪ್ರಶ್ನೆಗೆ ಏನು ಉತ್ತರ ಸಿಕ್ತು ಅಂತ ನನಗೂ ಬರೆದು ತಿಳಿಸಿ.